ಬಿಳಿ ಎದೆಯ ಗರುಡ ಬಂದ ಶನಿವಾರ

ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿ ಬಿಸಿಲಿಗೆ ಒಣಗುವಾಗ ಏಳುವ ಹುಳಿ ಬೆರೆತ ಘಾಟು ಇಂದಿಗೂ ನನ್ನನ್ನು ತಮಿಳು ಸೀಮೆಯ ವೇಲಚೇರಿಯ ಹಳೆಯ ಮನೆಯ ಮಾಳಿಗೆಗೆ ಕರೆದೊಯ್ಯುತ್ತದೆ. ಅಂಥದೊಂದು ಮಾಳಿಗೆಯನ್ನು ಕಳೆದುಕೊಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅಲ್ಲಿಂದ ಕೆರೆಯೂ, ಅದರಾಚೆ ಜೌಗಿನ ಅಂಚಿನ ಒಂಟಿ ತಾಳೆಮರವೂ ಕಾಣುತ್ತಿದ್ದವು. ನನ್ನ ತಂದೆಯ ತಾಯಿ, ಅಂದರೆ ಅಜ್ಜಿ, ಶನಿವಾರ ಗರುಡನ ದರ್ಶನವಾಗದೆ ಉಣ್ಣುತ್ತಿರಲಿಲ್ಲ. ಅವಳು ಉಣ್ಣದೆ ಅಮ್ಮ ಉಣ್ಣುವಂತಿರಲಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದ್ದುದರಿಂದ ಹುಡುಕುವ ಕೆಲಸ ಹನ್ನೊಂದು ವರ್ಷದ ನನ್ನದಾಗಿತ್ತು. ಕಸದ ರಾಶಿಯ ಮೇಲೆ ಸುತ್ತುವ ಹದ್ದುಗಳಿಗೆ ಲೆಕ್ಕವಿರಲಿಲ್ಲ. ಬಿಳಿ ಎದೆಯ, ಕಾವಿ ರೆಕ್ಕೆಯ ಗರುಡ ಮಾತ್ರ ಕೆರೆಗೆ ಮಣ್ಣು ಬೀಳತೊಡಗಿದ ಮೇಲೆ ಅಪರೂಪವಾಯಿತು. ನಾನು ಅದು ಬರುವ ಹೊತ್ತನ್ನೂ ಹೋಗುವ ದಿಕ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸೈಕಲ್ಲಿನಲ್ಲಿ ಏರಿಯುದ್ದಕ್ಕೂ ಹಿಂಬಾಲಿಸಿ, ಅದು ಹಿಡಿದ ಮೀನನ್ನು ಆ ತಾಳೆಮರದ ಮೇಲೆ ಕುಳಿತು ತಿನ್ನುವುದನ್ನು ಕಂಡುಕೊಂಡೆ. “ಬರೀ ಪರುಂದು ತೋರಿಸಿ ನನ್ನ ಏಮಾರಿಸಬೇಡ ಕಣೇ” ಎಂದು ಅಜ್ಜಿ ನಗುತ್ತಿದ್ದಳು. ಸಾಮಾನ್ಯ ಹದ್ದಿಗೆ ಅವಳು ಹೇಳುತ್ತಿದ್ದುದು ಆ ತಮಿಳು ಹೆಸರನ್ನೇ.

ಅಜ್ಜಿಯ ಗಂಡನ, ಅಂದರೆ ತಾತನ, ಶ್ರಾದ್ಧದ ಹಿಂದಿನ ದಿನ ಮೈಸೂರಿನಿಂದ ಫೋನು ಬಂತು. ಅಮ್ಮನ ತಂದೆ ಕೊನೆಯ ಸ್ಥಿತಿಯಲ್ಲಿದ್ದರು, ಮಗಳನ್ನು ಕೇಳುತ್ತಿದ್ದರು. ಫೋನು ಎತ್ತಿದ ಅಜ್ಜಿ ಯಾರಿಗೂ ಹೇಳಲಿಲ್ಲ. ಮರುದಿನ ಅಮ್ಮ ಮಡಿಯುಟ್ಟು ಅಡುಗೆ ಮಾಡಿದಳು. ಬ್ರಾಹ್ಮಣರ ಊಟವಾಗಿ ಎಲೆ ತೆಗೆದ ಮೇಲಷ್ಟೇ ಅಜ್ಜಿ ಬಾಯಿಬಿಟ್ಟಳು. “ನಿಮ್ಮಪ್ಪನಿಗೆ ತುಂಬಾ ಕಷ್ಟವಂತೆ. ನಿನ್ನೆನೇ ಫೋನ್ ಬಂತು. ನೀ ಹೊರಟುಬಿಟ್ಟಿದ್ರೆ ಅಡುಗೆ ಯಾರು ಮಾಡೋರು?” ಅಮ್ಮ ಸಿಕ್ಕ ರೈಲು ಹತ್ತಿ ತಲುಪುವಷ್ಟರಲ್ಲಿ ದಹನ ಮುಗಿದಿತ್ತು. ಮರಳಿ ಬಂದವಳು ಅಜ್ಜಿಯೊಡನೆ ಮಾತು ನಿಲ್ಲಿಸಿದಳು. ತಂದೆಯ ಮುಖವನ್ನು ಅಮ್ಮನಿಗೆ ತಪ್ಪಿಸಿದವಳಿಗೆ ನಾನು ಗರುಡನನ್ನು ತಪ್ಪಿಸಬೇಕೆಂದು ನಿಶ್ಚಯಿಸಿದೆ.

ಅಮ್ಮ ಮರಳಿದ ಮೇಲಿನ ಮೂರನೆಯ ಶನಿವಾರ ಹನ್ನೊಂದೂವರೆಗೆ ಗರುಡ ಬಂದು ತಾಳೆಮರದ ಮೇಲೆ ಕುಳಿತಿತು. ನಾನು ಅದನ್ನು ನೋಡುತ್ತ ಸುಮ್ಮನೆ ನಿಂತೆ. ಅಮ್ಮನೂ ಉಪವಾಸವಿರಬೇಕಾಗುವುದೆಂಬುದು ಅವಳು ಮೆಣಸಿನಕಾಯಿ ತಿರುವಲು ಮೇಲೆ ಬಂದಾಗಲೇ ನನಗೆ ಹೊಳೆದದ್ದು. ಅವಳು ನನ್ನ ನೋಟದ ಜಾಡು ಹಿಡಿದು ಮರವನ್ನು ಕಂಡಳು; ಬಹಳ ಹೊತ್ತು ನೋಡಿದಳು. ಕೆಳಗಿನಿಂದ ಅಜ್ಜಿ ಕೂಗಿದಳು. “ಕಂಡನೇನೇ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರಿಸಿದಳು. “ಇಲ್ಲ ಅತ್ತೆ. ಬರೀ ಪರುಂದು.”

ಗರುಡ ಒಂದು ಗಂಟೆ ಅಲ್ಲೇ ಇತ್ತು. ಸಂಜೆ ಅಜ್ಜಿ ನೀರು ಕುಡಿದು ಮಲಗಿದಳು. ಅಮ್ಮ ನೀರನ್ನೂ ಮುಟ್ಟಲಿಲ್ಲ. ಅಷ್ಟು ನೆಮ್ಮದಿಯಿಂದ ಹಸಿದಿದ್ದವರನ್ನು ನಾನು ಮತ್ತೆ ಕಂಡಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ನಾನು ಕಾಲೇಜಿನಲ್ಲಿದ್ದೆ. ಅಷ್ಟರಲ್ಲಿ ತಾಳೆಮರವಿದ್ದ ಕಡೆ ಫ್ಲ್ಯಾಟುಗಳು ಎದ್ದಿದ್ದವು. ನೋಯಲಿ ಎಂದೇ ಒಂದು ಮಧ್ಯಾಹ್ನ ಅವಳಿಗೆ ಹೇಳಿದೆ. “ಆ ಶನಿವಾರ ಗರುಡ ಬಂದಿದ್ದ ಅಜ್ಜಿ. ನಿನಗೆ ಬೇಕಂತಲೇ ಹೇಳಲಿಲ್ಲ.”

“ಗೊತ್ತು ಕಣೇ” ಎಂದಳು ಅಜ್ಜಿ. “ಮೂರು ವಾರ ನನ್ನ ಜೊತೆ ಮಾತೇ ಆಡದ ನಿಮ್ಮಮ್ಮ ಒಂದು ಪರುಂದಿಗೋಸ್ಕರ ಬಾಯಿ ಬಿಡ್ತಾಳಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಕೊಡೋದು ಕೊಟ್ಟಳು. ತಗೊಂಡೆ.”

ವರ್ಷಗಳಿಂದ ನಾನು ಕಾದಿರಿಸಿದ್ದ ಏಟು ಅವಳಿಗೆ ಎಂದೋ ತಗುಲಿತ್ತು. ಆ ಬೇಸಗೆಯಲ್ಲಿ ಅವಳು ತೀರಿಕೊಂಡಳು. ಮುಂದಿನ ವರ್ಷ ಅವಳ ಶ್ರಾದ್ಧಕ್ಕೆ ಅಮ್ಮನೇ ಮಡಿಯುಟ್ಟು ಅಡುಗೆ ಮಾಡಿದಳು. ಆಮೇಲೆ ಮನೆಯೂ ಹೋಯಿತು, ಅಮ್ಮನೂ ಹೋದಳು. ನನ್ನ ಸಿಟ್ಟು ಇಳಿದಿಲ್ಲ; ಅದನ್ನು ಕೇಳಿಸಿಕೊಳ್ಳುವವರು ಯಾರೂ ಉಳಿದಿಲ್ಲ.