ಮೊಳದುದ್ದದ ವೈರು

ಬೆಳಕು ಹರಿಯುವ ಮೊದಲೇ ಮಾನ್ವಿಯ ಹುಲಿಗೆಮ್ಮ ನಳದ ನೀರು ತುಂಬಿ, ಅಂಗಳ ಗುಡಿಸಿ, ಹದಿನೈದು ರೊಟ್ಟಿ ಬಡಿದು, ಗಿರಾಕಿಯ ಎರಡು ಜಂಪರಿಗೆ ಗುಂಡಿ ಹಚ್ಚಿದ್ದಳು. ನಲವತ್ತರ ಗಂಡ ಅಂಜಿನೇಯ ಎದ್ದವನೇ ಡಬ್ಬಿ ಬಿಚ್ಚಿದ. ಬಾಲ್ಯದಲ್ಲಿ ಟಿವಿಗೆ ಹಚ್ಚಿ ಆಡಿದ ವಿಡಿಯೊ ಗೇಮಿನ ಅಂಗೈಯಗಲದ ಹೊಸ ಮಾದರಿ ಅದು. ಆರು ತಿಂಗಳು ಅದು ಸಿಗಲಿಲ್ಲವೆಂದು ಆಗಾಗ ಊಟ ಬಿಟ್ಟವನು, ಈಗ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ವೈರು ಮೊಳದಷ್ಟೇ ಇದೆಯೆಂದು ಮುಖ ಊದಿಸಿದ.

"ಟಿವಿ ಮುಂದ ಕುಂತೇ ಆಡಬೇಕು. ಅಲ್ಲಿರೋ ನಿನ್ನ ಹೊಲಿಗಿ ಮಷೀನು ಅಡಗಿಮನ್ಯಾಗ ಇಡು."

"ಅಲ್ಲಿ ಕತ್ತಲ ಅದ. ಸೂಜಿಗಿ ದಾರ ಹೆಂಗ ಹಾಕ್ಲಿ?"

"ರೊಟ್ಟಿ ಮಾಡಾಕ ಕಾಣ್ತದ, ಹೊಲಿಯಾಕ ಕಾಣಂಗಿಲ್ಲೇನು?"

ಆಟಕ್ಕೆ ಗೆಳೆಯರನ್ನು ಕರೆತರಲು ಅವನು ಪೋತ್ನಾಳಕ್ಕೆ ಹೋದ. ಹುಲಿಗೆಮ್ಮ ಮಷೀನನ್ನು ಇದ್ದಲ್ಲೇ ಬಿಟ್ಟಳು. ಆಮೇಲೆ ಟಿವಿಯನ್ನೂ ಆ ಆಟಿಕೆಯನ್ನೂ ಅಡುಗೆಮನೆಯ ಕತ್ತಲ ಮೂಲೆಯಲ್ಲಿಟ್ಟು ಬಂದು, ಹೊಲಿಯಲು ಕೂತಳು.