ಏಳನೇ ಸಾಲಿಗೆ ಜಿಗಿಯಬಾರದು

ಅದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮೂರಿನ ಶಂಕರಗೌಡರು. ಎರಡನೆಯವರು ತಿಂಗಳಿಗೊಮ್ಮೆ ಬಸ್ಸಿಳಿದು ನಮ್ಮ ಕೇರಿಗೆ ಬರುತ್ತಿದ್ದ ಪಾದ್ರಿ ದೇವಪುತ್ರಪ್ಪನವರು. ಆಗದ ಆ ಮಾತು ಇಷ್ಟೇ: ಕಳೆ ಕೀಳುವವರ ಮನೆಯ ಹುಡುಗಿ ಪದವಿ ಪಡೆಯುವುದು. ಗೌಡರು ನಗುತ್ತ ಹೇಳಿದರು, ಪಾದ್ರಿಯವರು ಕಣ್ಣು ಮುಚ್ಚಿಕೊಂಡು ಹೇಳಿದರು. ಇವತ್ತಿಗೂ ನನಗೆ ಹೆಚ್ಚು ಸಿಟ್ಟಿರುವುದು ಕಣ್ಣು ಮುಚ್ಚಿದವರ ಮೇಲೆಯೇ.

ಇಷ್ಟು ವರ್ಷಗಳ ಮೇಲೆ ಇದೆಲ್ಲ ಮತ್ತೆ ಎದ್ದು ಕೂತದ್ದು ಒಂದು ಕ್ಯಾಲೆಂಡರಿನಿಂದ. ಮೊನ್ನೆ ಮಧ್ಯಾಹ್ನ ಆ ಪಾದ್ರಿಯವರ ಮಗ ಕೊಪ್ಪಳದ ಭಾಗ್ಯನಗರದ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಅವರೂ ಈಗ ತಲೆ ನರೆತವರು. ಬಿಸಿಲಲ್ಲಿ ನಡೆದು ಬಂದು ಅಂಗಿ ಬೆನ್ನಿಗೆ ಅಂಟಿತ್ತು. ಕ್ಯಾಲೆಂಡರ್ ಕೈಗಿಟ್ಟು, ಬರುವ ರವಿವಾರ ಸಭೆಯಲ್ಲಿ ಧನ್ಯತೆಯ ಬಗ್ಗೆ ನಾಲ್ಕು ಮಾತು ಹೇಳಬೇಕು ಟೀಚರ್ ಎಂದು ಕೇಳಿದರು. ನಾನು ಹೊಸ್ತಿಲ ಮೇಲೆ ನಿಂತೇ, ಅದನ್ನು ನಿಮ್ಮ ತಂದೆಯವರನ್ನು ಕೇಳಬೇಕಿತ್ತು, ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದೆ. ತಂದೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದು ಇಬ್ಬರಿಗೂ ಗೊತ್ತು. ಅವರು ಕೈಮುಗಿದು ಹೋದರು. ಹೇಳಿಬಿಟ್ಟೆನಲ್ಲ ಎಂದು ನನಗೆ ಒಳಗೊಳಗೇ ಖುಷಿಯೂ ಆಯಿತು. ಸುಳ್ಳೇಕೆ ಹೇಳಲಿ.

ಕ್ಯಾಲೆಂಡರ್ ಬಿಚ್ಚಿ ನೋಡಿದೆ. ಹಸಿರು ಗುಡ್ಡ, ಸೋಪು ಹಚ್ಚಿ ತೊಳೆದಂಥ ಕುರಿಗಳು, ಮೇಲೆ ಬಂಗಾರದ ಬಣ್ಣದ ಅಕ್ಷರದಲ್ಲಿ ಯೇಸುಸ್ವಾಮಿ ಗುಡ್ಡದ ಮೇಲೆ ಕೂತು ಹೇಳಿದ ಎಂಟು ಮಾತು. ಯಾರು ಯಾರು ಧನ್ಯರು ಎಂಬ ಮಾತು. ನನಗೆ ಮೈ ಉರಿಯಿತು. ಆ ಮಾತುಗಳು ಹುಟ್ಟಿದ್ದು ಎಲ್ಲೇ ಇರಲಿ, ನನ್ನ ಕಿವಿಗೆ ಬಿದ್ದದ್ದು ಹಸಿರು ಗುಡ್ಡದ ಮೇಲಲ್ಲ. ಯಲಬುರ್ಗಾ ಕಡೆಯ ಎರೆ ಹೊಲದಲ್ಲಿ, ಹೆಸರುಕಾಳಿನ ಬೆಳೆಯ ಸಾಲುಗಳ ನಡುವೆ ಕುಕ್ಕುರುಗಾಲಲ್ಲಿ ಕೂತಾಗ.

ಹೇಳಿದವಳು ನನ್ನ ಚಿಗವ್ವ. ಅವ್ವ ಬೇಗ ತೀರಿಹೋದದ್ದರಿಂದ ಅವ್ವನ ಈ ತಂಗಿಯೇ ನನ್ನನ್ನು ಸಾಕಿದಳು. ಊರಿಗೆಲ್ಲ ಅವಳು ದುರುಗವ್ವ. ಒಮ್ಮೆ ಕಾಯಿಲೆ ಬಿದ್ದು ಪಾದ್ರಿಗಳ ದವಾಖಾನೆಯಲ್ಲಿ ಮೂರು ತಿಂಗಳು ಮಲಗಿದ್ದಾಗ ಅಲ್ಲಿಯ ನರ್ಸಮ್ಮನ ಬಾಯಿಂದ ಆ ಎಂಟು ಮಾತು ಕಲಿತು, ಎಸ್ತೇರವ್ವ ಆಗಿ ಮನೆಗೆ ಬಂದಳು. ಉಳಿದವರೆಲ್ಲ ಮೊದಲಿನಂತೆ ಹನುಮಪ್ಪನಿಗೆ ಕಾಯಿ ಒಡೆಯುತ್ತಿದ್ದೆವು. ಅವಳು ಬೇಡ ಅನ್ನಲಿಲ್ಲ, ಪ್ರಸಾದದ ಕೊಬ್ಬರಿಯನ್ನೂ ಬಿಡಲಿಲ್ಲ.

ಅವಳಿಗೆ ಓದು ಬಾರದು. ಎಂಟು ಮಾತು ಮರೆಯಬಾರದೆಂದು ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು: ಕಳೆ ತೆಗೆಯುವಾಗ ಒಂದು ಸಾಲಿಗೆ ಒಂದು ಮಾತು. ಆ ಸಾಲು ಮುಗಿಯುವ ತನಕ ಅದೇ ಮಾತು, ಬದುವಿಗೆ ಮುಟ್ಟಿ ತಿರುಗಿದ ಮೇಲೆ ಮುಂದಿನದು. ರವಿವಾರ ಸಾಲೆಗೆ ಸೂಟಿ ಇದ್ದಾಗ ನಾನೂ ಕುರ್ಪಿ ಹಿಡಿದು ಅವಳ ಪಕ್ಕದಲ್ಲಿ ಇರುತ್ತಿದ್ದೆ. ಎದೆಯೊಳಗೆ ಬಡವರಾದವರು ಧನ್ಯರು ಎಂದರೆ ಏನು ಎಂದು ಕೇಳಿದರೆ ಕುರ್ಪಿಯ ತುದಿಯಿಂದ ನೆಲ ತೋರಿಸುತ್ತಿದ್ದಳು. ಬೇಸಿಗೆಯಲ್ಲಿ ಎರೆ ಭೂಮಿ ಬಾಯಿ ಬಿಡುತ್ತದೆ, ತನ್ನ ಹತ್ತಿರ ಏನೂ ಇಲ್ಲ ಎಂದು ಅದಕ್ಕೆ ಗೊತ್ತು, ಅದಕ್ಕೇ ಮೊದಲ ಮಳೆ ಅದರ ಹೊಟ್ಟೆಗೆ ಇಳಿಯುತ್ತದೆ. ಬಂಡೆಗಲ್ಲಿನ ಮೇಲೆ ಬಿದ್ದದ್ದು ಹರಿದು ಹೋಗುತ್ತದೆ. ಅಳುವವರದು ಎರಡನೇ ಸಾಲು. ನೆಲ ನೆನೆಯದೆ ಏನು ತಾನೇ ಹುಟ್ಟುತ್ತದೆ? ಮೂರನೆಯದು ಸಾತ್ವಿಕರದು. ಒಂದು ಮುಗಿಯದೆ ಇನ್ನೊಂದಿಲ್ಲ ಎಂಬುದೇ ಅವಳ ಕಟ್ಟಳೆ. ಮನುಷ್ಯರ ಮನಸ್ಸು ಬೆಳೆಯುವುದಕ್ಕೂ ಹೊಲ ಬೆಳೆಯುವುದಕ್ಕೂ ಅವಳಿಗೆ ಬೇರೆ ಬೇರೆ ಲೆಕ್ಕ ಇರಲಿಲ್ಲ. ಮುಂದೆ ಎಷ್ಟೋ ದೊಡ್ಡವರ ಉಪದೇಶ ಕೇಳಿದೆ. ಇದಕ್ಕಿಂತ ಹೆಚ್ಚಿನದು ಯಾರೂ ಹೇಳಲಿಲ್ಲ.

ಆದರೆ ಮೂರನೇ ಸಾಲನ್ನು ನಾನು ತಪ್ಪಾಗಿ ತಿಳಿದಿದ್ದೆ.

ಕೊಪ್ಪಳದಲ್ಲಿ ಪಾದ್ರಿಗಳ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದ್ದೆ. ಬಿ.ಎ.ಗೆ ಹೆಸರು ಹಚ್ಚುವ ಮೊದಲು ಊರಿಗೆ ಬಂದವಳು ಚಿಗವ್ವನ ಜೊತೆ ಗೌಡರ ಹೊಲಕ್ಕೆ ಹೋದೆ. ಅಲ್ಲಿಯ ಪದ್ಧತಿ ನಿಮಗೆ ಹೇಳಬೇಕು. ಕುಡಿಯುವ ನೀರು ಗೌಡರ ಮನೆಯಿಂದ ಕೊಡದಲ್ಲಿ ಬರುತ್ತಿತ್ತು. ಬೇರೆ ಕೂಲಿಯವರು ತಂಬಿಗೆಯಲ್ಲಿ ಕುಡಿಯುತ್ತಿದ್ದರು. ನಮ್ಮ ಕೇರಿಯವರು ಬೊಗಸೆ ಒಡ್ಡಬೇಕು, ಮೇಲಿನಿಂದ ಸುರಿಯುತ್ತಾರೆ. ಅವತ್ತು ಗೌಡರೇ ನಿಂತಿದ್ದರು. ಕಾಲೇಜಿನವಳಿಗೂ ಬೊಗಸೆಯೇ ನೋಡು ಎಂದು ಆಳಿಗೆ ಹೇಳಿ ನಕ್ಕು, ಇನ್ನಷ್ಟು ಮೇಲಿನಿಂದ ಹೊಯ್ಯಿಸಿದರು. ನೀರು ಬೊಗಸೆಗಿಂತ ಹೆಚ್ಚಾಗಿ ಮುಖಕ್ಕೆ, ಕುಪ್ಪಸಕ್ಕೆ ಬಿತ್ತು. ನಾನು ಕುಡಿದು ಸುಮ್ಮನೆ ಸಾಲಿಗೆ ಬಂದೆ. ಎಂಥ ಸಾತ್ವಿಕಳು ನಾನು ಎಂದು ಹೆಮ್ಮೆ ಬೇರೆ. ಸಂಜೆ ದಾರಿಯಲ್ಲಿ ಅದನ್ನೇ ಚಿಗವ್ವನಿಗೆ ಹೇಳಿಕೊಂಡೆ.

ಅವಳು ನಡೆಯುವುದನ್ನು ನಿಲ್ಲಿಸಿದಳು. "ಅಂಜಿ ಸುಮ್ನಾದಿ ಏನು, ತಡಕೊಂಡು ಸುಮ್ನಾದಿ?"

ಅಂಜಿದ್ದೆ. ಅದನ್ನೇ ಹೇಳಿದೆ.

"ಹಂಗಾರ ಅದು ಮೂರನೇ ಸಾಲಲ್ಲ ಬೇ. ಪಳಗಿದ ಎತ್ತು ನೋಡೀಯಿಲ್ಲ? ಹಗ್ಗದ ಮಾತು ಕೇಳತೈತಿ, ಆದ್ರ ಕಸುವು ಹಂಗ ಇರತೈತಿ. ಕಸುವ ಇಲ್ಲದ್ದು ಪಳಗಿದ್ದಲ್ಲ, ಬಿದ್ದದ್ದು."

ಮರುದಿನ ಅವಳು ಮನೆಯಿಂದ ತಲೆಯ ಮೇಲೆ ನೀರಿನ ಗಡಿಗೆ ಹೊತ್ತು ತಂದಳು. ಬದುವಿನ ಬೇವಿನ ನೆರಳಿಗೆ ಇಟ್ಟು, ಮೇಲೊಂದು ತಂಬಿಗೆ ಮುಚ್ಚಿದಳು. ನಮ್ಮ ಕೇರಿಯ ಆರೂ ಜನ ಹೆಂಗಸರು ಅಲ್ಲಿಯೇ ಕುಡಿದರು. ಇದೇನು ಎಂದು ಗೌಡರು ಕೇಳಿದಾಗ, ಎತ್ತಿ ಎತ್ತಿ ಹಾಕಿ ನಿಮ್ಮ ಆಳಿನ ಕೈ ನೋಯುತ್ತದಲ್ಲ, ಅದಕ್ಕೆ ತಂದೆ ಎಂದಳು. ದನಿ ಏರಲಿಲ್ಲ, ಕುರ್ಪಿಯೂ ನಿಲ್ಲಲಿಲ್ಲ. ಗೌಡರು ನಕ್ಕರು.

"ಲೇ ದುರುಗಿ, ಹುಡುಗಿ ಕಾಲೇಜಿನ ಮೆಟ್ಟಲಾ ಹತ್ಯಾಳಂತ ನಿನ್ನ ತಲಿ ತಿರಗೈತಿ. ಕಳಿ ಕೀಳೋ ಕೈಗೆ ಡಿಗ್ರಿ ಹತ್ತೂದಿಲ್ಲ, ಬರದಿಟ್ಕೋ."

ಅಕ್ಷರ ಬಾರದವಳಿಗೆ ಬರೆದಿಟ್ಟುಕೋ ಎಂದರು. ಬರೆದಿಟ್ಟುಕೊಂಡವಳು ನಾನು. ಮರುದಿನದಿಂದ ಗೌಡರ ಹೊಲದಲ್ಲಿ ಆರೂ ಜನರಿಗೆ ಕೆಲಸವಿಲ್ಲ ಎಂದಾಯಿತು.

ಅದೇ ವಾರ ಪಾದ್ರಿಯವರು ಬಂದರು. ಬಿ.ಎ.ಗೂ ಹಾಸ್ಟೆಲಿನಲ್ಲಿ ಉಳಿಯಬೇಕಾದರೆ ಅವರ ಚೀಟಿ ಬೇಕು. ಅದಕ್ಕಾಗಿ ಕಾದಿದ್ದೆವು. ಚಿಗವ್ವ ಹೊರಸಿನ ಮೇಲೆ ಕಂಬಳಿ ಹಾಸಿ, ಬೆಲ್ಲದ ಜೊತೆ ತಂಬಿಗೆ ನೀರು ಕೊಟ್ಟಳು. ಅವರು ಕುಡಿದರು. ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಕಣ್ಣು ಮುಚ್ಚಿ, ಸಮಾಧಾನ ಮಾಡುವವರು ಧನ್ಯರಲ್ಲವೇ ಎಸ್ತೇರವ್ವ, ಮೊದಲು ಹೋಗಿ ಗೌಡರ ಕಾಲು ಹಿಡಿ ಎಂದರು. ನೋಡಿ, ಇದು ನನಗೆ ಇಂದಿಗೂ ಜೀರ್ಣವಾಗದ ಮಾತು. ದೇವರ ಮಾತನ್ನು ಯಜಮಾನನ ಕೈಗೆ ಬಾರುಕೋಲಿನಂತೆ ಕೊಡುವವರಿಗೆ ಏನೆನ್ನಬೇಕು? ಬೊಗಸೆಗೆ ನೀರು ಸುರಿಸಿದವನು ಕನಿಷ್ಠ ದೇವರ ಹೆಸರು ಹೇಳಿ ಸುರಿಸಲಿಲ್ಲ.

ನನ್ನ ಓದು ಆ ಪೆನ್ನಿನ ತುದಿಯಲ್ಲಿತ್ತು, ಅದು ಚಿಗವ್ವನಿಗೆ ಗೊತ್ತಿತ್ತು. ಆದರೂ ಹೇಳಿದಳು:

"ಅಯ್ನೋರ, ಸಮಾಧಾನದ್ದು ಏಳನೇ ಸಾಲ್ರಿ. ನಾಕನೇದ್ದು ನ್ಯಾಯಕ್ಕ ಹಸದವರದು. ಅದನ್ನ ಬಿಟ್ಟು ಏಳಕ್ಕ ಜಿಗದ್ರ ನಡುವ ಕಳಿ ಉಳೀತೈತಿ. ಆ ಕಳಿ ನಾಳೆ ಬೆಳಿನ ನುಂಗತೈತ್ರಿ."

ಪಾದ್ರಿಯವರು ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. ಮತ್ತೆ ಕಣ್ಣು ಮುಚ್ಚಿ, ಈ ಸೊಕ್ಕಿನ ಮನೆಯಲ್ಲಿ ಪದವಿ ಬೆಳೆಯುವುದಿಲ್ಲ, ಆಗುವ ಮಾತಲ್ಲ ಎಂದು ಎದ್ದರು. ಅವರು ಓಣಿ ದಾಟುವ ತನಕ ನಾನು ಅಳುತ್ತಿದ್ದೆ. ಎರಡನೇ ಸಾಲು ನಡೆಯಲಿ ಬಿಡು ಎಂದು ಚಿಗವ್ವ ರೊಟ್ಟಿ ಬಡಿಯಲು ಕೂತಳು.

ಹಾಸ್ಟೆಲು ಹೋಯಿತು. ಹದಿನೈದು ದಿನಕ್ಕೆ ನಾವಿಬ್ಬರೂ ಎರಡು ಗಂಟು ಕಟ್ಟಿ ಗಂಗಾವತಿಯ ಬಸ್ಸು ಹತ್ತಿದೆವು. ಕಾಲುವೆ ಬಯಲಿನಲ್ಲಿ, ತೆಲುಗು ರೈತರು ಬಂದು ನೆಲೆಸಿದ ಒಂದು ಕ್ಯಾಂಪಿನಲ್ಲಿ ಗುಡಿಸಲು ಸಿಕ್ಕಿತು. ನಾನು ಗಂಗಾವತಿಯಲ್ಲಿ ಕಾಲೇಜಿಗೆ ಸೇರಿದೆ, ಅವಳು ಭತ್ತದ ನಾಟಿಗೆ ಸೇರಿದಳು. ಎರೆ ಹೊಲದ ಹೆಂಗಸು, ಮೊಣಕಾಲ ತನಕ ಕೆಸರು ಕಂಡವಳಲ್ಲ. ಕಾಲ್ಬೆರಳ ಸಂದಿಗಳು ಹುಣ್ಣಾಗಿ ಕೆಂಪಗೆ ಬಿರಿಯುತ್ತಿದ್ದವು. ಜೊತೆಯ ತೆಲುಗು ಹೆಂಗಸರು ಹಿಂದಕ್ಕೆ ನಡೆಯುತ್ತ ಸಸಿ ಊರುವುದನ್ನು ನೋಡಿ, ಇದೆಂಥ ಊರು, ಹಿಂದಕ್ಕೆ ನಡೆದರೇ ಬೆಳೆ ಎಂದು ಅವಳು ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಮೂರು ವರ್ಷ ಸಿಟ್ಟನ್ನೇ ಉಂಡು ಓದಿದೆ. ಪರೀಕ್ಷೆಯ ಪ್ರತಿ ಹಾಳೆಯನ್ನೂ ಆ ಇಬ್ಬರ ಮುಖದ ಮೇಲೆ ಬರೆಯುವವಳಂತೆ ಬರೆದೆ. ಪಾಸಾದೆ. ನಮ್ಮ ಮನೆತನದಲ್ಲಿ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಇಷ್ಟು ಬರೆದು ಎದ್ದೆ, ಗಂಟಲು ಒಣಗಿತ್ತು. ಅಡುಗೆಮನೆಯಲ್ಲಿ ತಂಬಿಗೆ ಎತ್ತಿದಾಗ ಕೈ ಅಲ್ಲಿಯೇ ನಿಂತಿತು. ಮೊನ್ನೆ ಆ ಬಿಸಿಲಲ್ಲಿ ಬಂದ ಮನುಷ್ಯನಿಗೆ ನಾನು ನೀರು ಕೊಟ್ಟಿರಲಿಲ್ಲ. ನಮ್ಮ ಕಡೆ ವೈರಿ ಬಂದರೂ ಮೊದಲು ನೀರು. ಚಿಗವ್ವ ಅವರ ಅಪ್ಪನಿಗೂ ಬೆಲ್ಲ ಇಟ್ಟು ಕೊಟ್ಟಿದ್ದಳು. ನಾನು ಬೊಗಸೆಗೂ ಹೊಯ್ಯಲಿಲ್ಲ.

ರವಿವಾರ ಹೋಗುತ್ತೇನೆ. ಹೋಗಿ ಇದನ್ನೆಲ್ಲ ಹೇಳುತ್ತೇನೆ, ಪೆನ್ನಿನ ಮಾತನ್ನೂ ಬಿಡುವುದಿಲ್ಲ. ಆದರೆ ಅದಕ್ಕೂ ಮೊದಲು ನಾಳೆ ಅವರನ್ನು ಮನೆಗೆ ಕರೆದು ನೀರು ಕೊಡಬೇಕು. ಕ್ಯಾಲೆಂಡರನ್ನು ಗೋಡೆಗೆ ಹಾಕಿದೆ. ಅದರ ಪಕ್ಕದಲ್ಲೇ ಗಾಜಿನ ಕಟ್ಟಿನೊಳಗೆ ನನ್ನ ಪದವಿ ಪತ್ರ ಇದೆ. ಕೆಳಗಿನ ಮೂಲೆಯಲ್ಲಿ ಇನ್ನೂ ಒಂದು ಹೆಬ್ಬೆರಳಿನಷ್ಟು ಕೆಸರಿನ ಕಲೆ.

ಕಾಲೇಜಿನ ಕಚೇರಿಯಲ್ಲಿ ಅದನ್ನು ಇಸಿದುಕೊಂಡವಳು ಮನೆಗೆ ಹೋಗದೆ ನೇರವಾಗಿ ಗದ್ದೆಗೆ ಓಡಿದ್ದೆ. ಚಿಗವ್ವ ಬದುವಿಗೆ ಬಂದು, ಕಾಲುವೆಯಲ್ಲಿ ಕೈ ತೊಳೆದು, ಕೆಸರಾದ ಸೆರಗಿಗೇ ಒರೆಸಿಕೊಂಡು ಎರಡೂ ಕೈ ಚಾಚಿದಳು. ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದಲ್ಲಿ ಬೆರಳಾಡಿಸಿದಳು. ಗೌಡರಿಗೂ ಪಾದ್ರಿಗೂ ಒಯ್ದು ತೋರಿಸಿ ಬರುತ್ತೇನೆ ಎಂದೆ. ಅವಳು ಪತ್ರವನ್ನು ನನ್ನ ಕೈಗೆ ಮರಳಿ ಇಟ್ಟು ಗದ್ದೆಗೆ ಇಳಿದಳು.

"ನಾಕನೇ ಸಾಲು ಮುಗೀತು ನೋಡವ್ವಾ. ಕುರ್ಪಿ ಕೆಳಗ ಇಡಬ್ಯಾಡ. ಐದನೇದ್ದು ಕರುಣಿದು, ಭಾಳ ಗಟ್ಟಿ ನೆಲ ಅದು. ಅಲ್ಲಿ ಬೆಳದಿರೋ ಕಳಿ ನಮ್ಮವ ಇರತಾವ."