ಹೆರಿಗೆಗೆ ಊರಿಗೆ ಹೋಗ್ತೀರಲ್ಲ?

ಕಾರ್ಗಲ್ಲಿಗೆ ಬಂದ ಮೊದಲ ವಾರ ನಾನು ಕಂಡದ್ದು, ಒಂದು ರಸ್ತೆ ನೇರವಾಗಿ ನೀರಿನೊಳಗೆ ಇಳಿದು ಹೋಗುವುದನ್ನು. ಮೈಲಿಗಲ್ಲು ಅರ್ಧ ಮುಳುಗಿ ನಿಂತಿತ್ತು. ಈ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಪಕ್ಕದ ಶೆಡ್ಡಿನ ನಾಗಮ್ಮನನ್ನು ಕೇಳಿದೆ. "ನಮ್ಮನೆಗೆ ಹೋಗ್ತಿತ್ತು. ಈಗ ಎಲ್ಲಿಗೂ ಹೋಗಲ್ಲ" ಎಂದು ನಕ್ಕಳು. ನಾನೂ ನಗಬೇಕೋ ಬೇಡವೋ ತಿಳಿಯದೆ ಸೆರಗು ಸರಿಮಾಡಿಕೊಂಡೆ.

ಹೊಸಪೇಟೆಯವಳಾದ ನನಗೆ ಅಣೆಕಟ್ಟು ಹೊಸದಲ್ಲ. ನಮ್ಮಲ್ಲಿ ಕಾಲುವೆಗೆ ನೀರು ಬಿಟ್ಟರೆಂದರೆ ಹೊಲಕ್ಕೆ ಬಂತೆಂದು ಅರ್ಥ. ಇಲ್ಲಿ ನೀರು ಕರೆಂಟಾಗಿ ಎಲ್ಲೋ ದೂರ ಹೋಗುತ್ತದಂತೆ. ಸುತ್ತಲ ಹಳ್ಳಿಯವರು ಇನ್ನೂ ಬುಡ್ಡಿದೀಪ ಹಚ್ಚುತ್ತಾರೆ. ನಮ್ಮಿಬ್ಬರನ್ನೂ ಕರೆತಂದದ್ದು ಒಂದು ಕಂತ್ರಾಟು ಕಂಪನಿ. ನನ್ನವರು ಕ್ರೇನ್ ಮೆಕ್ಯಾನಿಕ್, ನಾನು ಕಂಪನಿಯ ಟೆಲಿಫೋನ್ ಬೋರ್ಡಿನಲ್ಲಿ ಆಪರೇಟರ್. ವಾಸಕ್ಕೆ ತಗಡಿನ ಶೆಡ್ಡು. ಜೋಳದ ಹಿಟ್ಟು ಸಾಗರದ ಸಂತೆಯಲ್ಲೂ ಸಿಗದು. ಕುಚ್ಚಲಕ್ಕಿ ಗಂಜಿಗೆ ಮೊದಮೊದಲು ಮುಖ ಸಿಂಡರಿಸುತ್ತಿದ್ದೆ. ಬಸುರಿಯಾದ ಮೇಲೆ ಹೊಟ್ಟೆಯಲ್ಲಿ ನಿಂತದ್ದು ಅದೊಂದೇ. ಇಲ್ಲಿಯವರು 'ಏನು' ಎನ್ನುವುದಕ್ಕೆ 'ಎಂತ' ಎನ್ನುತ್ತಾರೆ. ಅವ್ವನಿಗೆ ಬರೆದ ಕಾಗದದಲ್ಲೂ ಅದು ನುಸುಳಿ ಬೈಸಿಕೊಂಡೆ.

ಇಲ್ಲಿ ಕಲಿತ ಇನ್ನೊಂದು ಮಾತು 'ರಿಟ್ರೆಂಚ್‌ಮೆಂಟ್'. ಕೆಲಸ ಮುಗಿಯಿತು, ಇನ್ನು ನೀವು ಬೇಡ ಎಂದು ಅರ್ಥ. ಅಣೆಕಟ್ಟು ಮುಗಿಯುತ್ತ ಬಂದ ಹಾಗೆ ಅಕ್ಷರ ಬಾರದವರ ಬಾಯಲ್ಲೂ ಆ ಮಾತು ಸಲೀಸಾಯಿತು. ಮೊದಲ ಸುತ್ತಿನಲ್ಲೇ ನನ್ನವರದು ಹೋಗಿ, ಅವರು ಬೇರೆ ಅಣೆಕಟ್ಟು ಹುಡುಕಿಕೊಂಡು ಹೊರಟರು. ನೆಲೆ ಸಿಕ್ಕ ಮೇಲೆ ನನ್ನನ್ನು ಕರೆಸಿಕೊಳ್ಳುವುದು, ಅಲ್ಲಿಯತನಕ ನನ್ನ ಸಂಬಳ, ನನ್ನ ಹೆಸರಿನ ಶೆಡ್ಡು. ಬೋರ್ಡಿನಲ್ಲಿ ಇದ್ದವರು ಇಬ್ಬರು, ನಾನು ಮತ್ತು ಮಂಗಳೂರಿನ ಫಿಲೋಮಿನಾ. ಇನ್ನು ಒಬ್ಬರು ಸಾಕು ಎಂಬ ಸುದ್ದಿ ಬಂತು.

"ಬಸುರಿ ಅಂತ ಯಾರಿಗೂ ಹೇಳಬ್ಯಾಡ, ಮೊದಲು ನಿನ್ನನ್ನೇ ತೆಗೀತಾರ" ಎಂದು ಹೇಳಿ ನನ್ನವರು ಬಸ್ಸು ಹತ್ತಿದ್ದರು. ವಾಂತಿಯಿಂದಲೇ ಗುರುತು ಹಿಡಿದಿದ್ದ ಫಿಲೋಮಿನಾ, "ಹೇಳಿಬಿಡು, ಬಸುರಿಯನ್ನು ತೆಗೆಯುವ ಹಾಗಿಲ್ಲ, ಕಾನೂನು ಉಂಟು" ಎಂದಳು. ಅವಳ ಮಾತನ್ನು ನಂಬಲೇ? ನಾನು ಹೋದರೆ ಉಳಿಯುವವಳು ಅವಳೇ ತಾನೆ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಬೆಳಿಗ್ಗೆ ಹೇಳಿಬಿಡೋಣ ಎನ್ನಿಸುತ್ತಿತ್ತು, ಮಧ್ಯಾಹ್ನಕ್ಕೆ ಬೇಡವೆನ್ನಿಸುತ್ತಿತ್ತು.

ಅಷ್ಟರಲ್ಲಿ, ಹೇಳದೆಯೂ ತಿಳಿದುಕೊಂಡಿದ್ದ ನಾಗಮ್ಮ ಸಾಗರದಿಂದ ಹಸಿರು ಬಳೆ ತಂದಳು. ನಮ್ಮಲ್ಲಾದರೆ ತವರಿನವರು ಕುಬಸ ಎಂದು ಸೀಮಂತ ಮಾಡಿ ತೊಡಿಸುವ ಬಳೆ. "ನಿಮ್ಮಮ್ಮ ದೂರ ಇದ್ದಾರೆ. ಬಸುರಿ ಕೈ ಬೋಳಿರಬಾರ್ದು ಮಾರಾಯ್ತಿ" ಎಂದು ಎರಡೂ ಕೈಗೆ ತುಂಬ ತೊಡಿಸಿ, ಹೆರಿಗೆಯಾಗುವತನಕ ತೆಗೆಯಬಾರದೆಂದೂ ಹೇಳಿದಳು. ಬೋರ್ಡಿನಲ್ಲಿ ಕೂರುವವರು ಬಳೆ ತೊಡುವಂತಿಲ್ಲ, ಸದ್ದು ತಂತಿಯೊಳಗೆ ಹೋಗುತ್ತದೆ. ತೊಟ್ಟದ್ದನ್ನು ತೆಗೆಯಲು ಭಯ. ಮೇಲಕ್ಕೆ ಸರಿಸಿ ಕರ್ಚೀಫು ಕಟ್ಟಿಕೊಂಡು ಕೂತೆ.

ಮ್ಯಾನೇಜರ ಟ್ರಂಕ್‌ಕಾಲ್ ಜೋಡಿಸುವಾಗಲೇ ಗಂಟು ಸಡಿಲವಾಗಿ ಬಳೆಗಳು ಘಲ್ಲೆಂದವು. ಮಾತು ಮುಗಿಸಿ ಅವರು ನನ್ನನ್ನು ಕರೆಸಿದರು. ವಯಸ್ಸಾದವರು, ಮೈಸೂರಿನ ಕಡೆಯವರು, ಮನೆತುಂಬ ಹೆಣ್ಣುಮಕ್ಕಳಿದ್ದವರು. ಕೈ ನೋಡಿದರು, ಅರ್ಥವಾಯಿತು. ಬೈಯಲಿಲ್ಲ. ಕೂತುಕೊಳ್ಳಮ್ಮ ಎಂದರು.

"ಚೊಚ್ಚಲು ಅಲ್ಲವೇನಮ್ಮ? ಹೆರಿಗೆಗೆ ಊರಿಗೆ ಹೋಗ್ತೀರಲ್ಲ?"

"ಹೌದು ಸಾರ್, ತವರಿಗೆ" ಎಂದೆ. ಹಾಗಲ್ಲದೆ ಇನ್ನು ಹೇಗೆ ಹೇಳಲಿ? ನಮ್ಮಲ್ಲಿ ಯಾವ ಹೆಣ್ಣನ್ನು ಕೇಳಿದರೂ ಇದೇ ಉತ್ತರ.

"ಒಳ್ಳೇದಾಯ್ತು. ಯಾರನ್ನು ಬಿಡಿಸೋದು ಅಂತ ತಲೆ ಕೆಡಿಸಿಕೊಂಡಿದ್ದೆ. ನೀವಾಗೇ ಹೋಗೋರು. ಸುಖವಾಗಿ ಹೋಗಿಬನ್ನಿ" ಎಂದರು. ನಾನು ಕೈಮುಗಿದು, ಥ್ಯಾಂಕ್ಸ್ ಬೇರೆ ಹೇಳಿ, ಹೊರಗೆ ಬಂದೆ. ಜಗಲಿಯ ಮೇಲೆ ನಿಂತಾಗಲೇ ತಿಳಿದದ್ದು, ನನ್ನ ಕೆಲಸವನ್ನು ನಾನೇ ಬಿಟ್ಟುಬಂದಿದ್ದೆ.

ನಾಗಮ್ಮನ ಮುಂದೆ ಅತ್ತೆ. ಅವಳು ನನ್ನನ್ನು ಅಳಲು ಬಿಟ್ಟು, ಆಮೇಲೆ ಕೇಳಿದಳು. "ಈಗ ಎಂತ ಆಯ್ತು? ಇಲ್ಲೇ ಹೆರ್ತೀನಿ ಅಂತ ಹೋಗಿ ಹೇಳಿ. ಸಾಗರದಲ್ಲಿ ಆಸ್ಪತ್ರೆ ಇಲ್ವಾ?"

"ಬಾಣಂತನ ಯಾರು ಮಾಡ್ತಾರ?"

"ನಾನು ಸತ್ತಿದೀನಾ?"

ಅವಳೇ ಮ್ಯಾನೇಜರ ಕೋಣೆಯ ಬಾಗಿಲತನಕ ಬಂದು ನಿಂತಳು. ನಾನು ಒಳಗೆ ಹೋಗಿ, ತವರಿಗೆ ಹೋಗುವುದಿಲ್ಲ, ಇಲ್ಲೇ ಹೆರುತ್ತೇನೆ, ನನಗೆ ಕೆಲಸ ಬೇಕು ಎಂದೆ. ಹೆತ್ತವರಿಲ್ಲದವಳೇನೋ ಎನ್ನುವಂತೆ ಅವರು ನನ್ನನ್ನು ನೋಡಿದರು. ಕೊನೆಗೆ, ಹೆರಿಗೆಗೆ ರಜೆ ತಗೊಳ್ಳಿ, ಬೋರ್ಡು ಇರೋತನಕ ನೀವಿರಿ ಎಂದರು.

ಫಿಲೋಮಿನಾ ಹೋದಳು. ಹೊರಡುವ ದಿನ ನನ್ನ ಕೆನ್ನೆ ಮುಟ್ಟಿ, "ಹೇಳು ಅಂತ ನಾನೇ ಹೇಳಿದ್ದಲ್ವಾ" ಎಂದಳು. ಸಂತೋಷಪಡಲೋ, ಅಪರಾಧಿ ಎಂದುಕೊಳ್ಳಲೋ, ಇವತ್ತಿಗೂ ತೀರ್ಮಾನಿಸಲಾಗಿಲ್ಲ. ಹೆರಿಗೆಗೆ ಬರುವುದಿಲ್ಲ ಎಂದು ನಾನು ಬರೆದ ಕಾಗದಕ್ಕೆ ಅವ್ವನಿಂದ ಉತ್ತರ ಬರಲಿಲ್ಲ.

ದಿನ ತುಂಬುವ ಹೊತ್ತಿಗೆ ಅವ್ವನೇ ಬಂದಳು. ಇಡೀ ದಾರಿ ಬಸ್ಸಿನಲ್ಲಿ ಕುಲುಕಿ, ಶುಂಠಿ, ಖಾರದ ಸಾಮಾನು, ಹಳೆ ಸೀರೆಗಳ ಗಂಟು ಹೊತ್ತು ಶೆಡ್ಡಿನ ಮುಂದೆ ನಿಂತಳು. ಒಳಗೆ ನಾಗಮ್ಮ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

"ನೀವ್ಯಾರ್ರೀ?" ಎಂದು ಅವ್ವ ಕೇಳಿದಳು.

"ಇವರ ತವರಿನ ಕಡೆಯೋಳು ಅಂದ್ಕೊಳ್ಳಿ" ಎಂದಳು ನಾಗಮ್ಮ, ಕೈ ನಿಲ್ಲಿಸದೆ.

ಅವ್ವ ನನ್ನ ಕಡೆ ತಿರುಗಿದಳು. "ಹಂಗಾರ ನಾ ಇಲ್ಲಿ ಯಾರಬೇ?"

ತವರಿನ ಹೊಸ್ತಿಲಲ್ಲಿ ನನ್ನ ಗಂಟು ಇಸಿದುಕೊಂಡು ಒಳಗೆ ಕರೆಯಬೇಕಾಗಿದ್ದವಳು ಅವಳು. ನಾನು ಗೋಡೆ ಹಿಡಿದು ಎದ್ದು, ಅವಳ ಕೈಯ ಗಂಟು ಇಸಿದುಕೊಂಡು, ಬಂದ ನೆಂಟರಿಗೆ ಹೇಳುವ ಹಾಗೆ, "ಒಳಗ ಬಾ" ಎಂದೆ.